ಎಬ್ಬಿಸಬಹುದು, ಎಳೆದೊಯ್ಯುವಂತಿಲ್ಲ

ಓದುಗರ ಪ್ರಶ್ನೆ: ಓಟದ ಅಂಕಣ

ಪ್ರಶ್ನೆ: ವಲಯ ಮಟ್ಟದ 1,500 ಮೀಟರ್ ಓಟದಲ್ಲಿ ಎರಡನೆಯವಳಾಗಿದ್ದ ನಮ್ಮ ಹುಡುಗಿ, ಮುಂದಿದ್ದವಳು ಬಿದ್ದಾಗ ನಿಂತು ಕೈಹಿಡಿದು ಎಬ್ಬಿಸಿದಳು. ಕೊನೆಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಅವಳನ್ನು ಅನರ್ಹಗೊಳಿಸಬೇಕೆಂದು ಒಬ್ಬ ಮೇಷ್ಟ್ರು, ಎರಡನೇ ಸ್ಥಾನವನ್ನೇ ಕೊಡಬೇಕೆಂದು ಪೋಷಕರು. ಯಾರದು ಸರಿ?
– ದೈಹಿಕ ಶಿಕ್ಷಕಿ, ಶಿರಸಿ

ಉತ್ತರ: ಇಬ್ಬರದೂ ತಪ್ಪು. ಮುಂದೆ ಸಾಗಲು ಇನ್ನೊಬ್ಬ ಓಟಗಾರರ ಮೈಯಾಸರೆ ಪಡೆಯಬಾರದು ಎನ್ನುವ ವಿಶ್ವ ಅಥ್ಲೆಟಿಕ್ಸ್ ನಿಯಮವೇ, ಬಿದ್ದವರು ಎದ್ದು ನಿಲ್ಲಲು ನೆರವಾಗುವುದಕ್ಕೆ ವಿನಾಯಿತಿ ಕೊಟ್ಟಿದೆ. ಹಾಗಾಗಿ ಎಬ್ಬಿಸಿದವಳೂ ಎದ್ದವಳೂ ಅನರ್ಹರಲ್ಲ. ಸ್ಥಾನ ಮಾತ್ರ ಗೆರೆ ಮುಟ್ಟಿದ ಕ್ರಮದಲ್ಲೇ. ನಿಂತದ್ದಕ್ಕೆ ಹೋದ ಸೆಕೆಂಡುಗಳನ್ನು ಅಥ್ಲೆಟಿಕ್ಸ್ ಮರಳಿ ಕೊಡುವುದಿಲ್ಲ.

ಹಾಯಿದೋಣಿ ಸ್ಪರ್ಧೆ ಕೊಡುತ್ತದೆ. ಅಪಾಯದಲ್ಲಿರುವವರಿಗೆ ನೆರವಾಗುವುದು ಅಲ್ಲಿ ಮೊದಲ ನಿಯಮ. 1988ರ ಸೋಲ್ ಒಲಿಂಪಿಕ್ಸ್‌ನ ದೋಣಿ ಸ್ಪರ್ಧೆ ಬೂಸಾನ್ ಕಡಲಲ್ಲಿ ನಡೆಯಿತು. ಎರಡನೆಯವರಾಗಿದ್ದ ಕೆನಡಾದ ಲಾರೆನ್ಸ್ ಲೆಮ್ಯೂ ತಮ್ಮ ದಾರಿ ಬಿಟ್ಟು, ದೋಣಿ ಮಗುಚಿದ್ದ ಸಿಂಗಪುರದ ಸ್ಪರ್ಧಿಗಳನ್ನು ಕಾಪಾಡಿದರು. ತೀರ್ಪುಗಾರರು ಆ ಸುತ್ತಿನಲ್ಲಿ ಅವರಿಗೆ ಎರಡನೇ ಸ್ಥಾನವನ್ನೇ ಕೊಟ್ಟರು. ಇಂಥದೊಂದು ಕಲಮು ಓಟಕ್ಕೂ ಇರಬೇಕಿತ್ತು ಎಂದು ನಮಗೂ ಅನಿಸುತ್ತದೆ, ಆದರೆ ಇಲ್ಲ.

ನೀವು ವಿಚಾರಿಸಬೇಕಾದದ್ದು, ಮುಂದಿದ್ದವಳು ಬಿದ್ದದ್ದು ಹೇಗೆ ಎಂಬುದನ್ನು. ತಾನಾಗಿ ಎಡವಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಯಾರೋ ತಳ್ಳಿ ಬಿದ್ದಿದ್ದರೆ, ಅದರಿಂದ ನಿಮ್ಮವಳಿಗೂ ಅಡ್ಡಿಯಾಗಿದ್ದರೆ, ರೆಫರಿ ಮರು ಓಟ ನಡೆಸಬಹುದು. ಹೀಟ್ಸ್ (ಫೈನಲ್‌ಗೆ ಮೊದಲಿನ ಅರ್ಹತಾ ಸುತ್ತು) ಆಗಿದ್ದರೆ ಮುಂದಿನ ಸುತ್ತಿಗೆ ಸೇರಿಸಬಹುದು. 2016ರ ರಿಯೊ ಒಲಿಂಪಿಕ್ಸ್‌ನ 5,000 ಮೀಟರ್ ಹೀಟ್ಸ್‌ನಲ್ಲಿ ನ್ಯೂಜಿಲೆಂಡ್‌ನ ನಿಕ್ಕಿ ಹ್ಯಾಂಬ್ಲಿನ್, ಅಮೆರಿಕದ ಆಬಿ ಡಾಗೊಸ್ಟಿನೊ ಕಾಲು ತೊಡರಿ ಬಿದ್ದರು. ಮೊದಲು ಎದ್ದ ಡಾಗೊಸ್ಟಿನೊ ಹ್ಯಾಂಬ್ಲಿನ್‌ರನ್ನು ಎಬ್ಬಿಸಿದರು. ಸ್ವಲ್ಪ ದೂರದಲ್ಲಿ ಡಾಗೊಸ್ಟಿನೊ ಮೊಣಕಾಲು ಕೈಕೊಟ್ಟಿತು, ಆಗ ಹ್ಯಾಂಬ್ಲಿನ್ ನಿಂತು ಧೈರ್ಯ ಹೇಳಿದರು. ಇಬ್ಬರಿಗೂ ಫೈನಲ್‌ನಲ್ಲಿ ಜಾಗ ಸಿಕ್ಕಿತು.

ಇಬ್ಬರೂ ಓಟ ಮುಗಿಸಿದ್ದರು ಎಂಬುದು ಇಲ್ಲಿ ಮುಖ್ಯ. ಪ್ರಾಮಾಣಿಕವಾಗಿ ಪೂರ್ತಿ ಓಡಿದವರಿಗೇ ಸಾಮಾನ್ಯವಾಗಿ ಈ ಅವಕಾಶ. ನಮ್ಮ ಕೂಟಗಳಲ್ಲಿ ಬಿದ್ದ ಮಗು ಅಳುತ್ತಾ ಟ್ರ್ಯಾಕಿನಿಂದ ಹೊರಬರುತ್ತದೆ, ಮೇಷ್ಟ್ರು ಮಾರನೇ ದಿನ ಅರ್ಜಿ ಬರೆಯುತ್ತಾರೆ; ಎರಡೂ ಕೆಲಸಕ್ಕೆ ಬಾರವು. ಫಲಿತಾಂಶ ಪ್ರಕಟವಾದ 30 ನಿಮಿಷದೊಳಗೆ ರೆಫರಿಗೆ ಬಾಯಿಮಾತಿನಲ್ಲೇ ಆಕ್ಷೇಪ ಹೇಳಬೇಕು. ತಿರುವುಗಳಲ್ಲಿ ಹಳದಿ ಬಾವುಟ ಹಿಡಿದ ಅಂಪೈರ್‌ಗಳಿದ್ದರೆ ತಳ್ಳಾಟಕ್ಕೆ ಸಾಕ್ಷಿಯೂ ಇರುತ್ತದೆ.

ಪ್ರಶ್ನೆ: ಕುಸಿದ ಜೊತೆಗಾರನನ್ನು ಹೆಗಲುಕೊಟ್ಟು ಗೆರೆ ದಾಟಿಸುವ ವಿಡಿಯೊ ನೋಡಿದ ಮಗ, ತಾನೂ ಹಾಗೇ ಮಾಡುತ್ತೇನೆ ಅನ್ನುತ್ತಾನೆ. ಹೂಂ ಅನ್ನಲೇ?
– ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ಮನಸ್ಸಿಗೆ ಹೂಂ ಅನ್ನಿ, ವಿಧಾನಕ್ಕೆ ಬೇಡ. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗಿನಿ-ಬಿಸ್ಸಾವಿನ ಬ್ರೈಮಾ ಡಾಬೊ, ಅರೂಬಾದ ಜೊನಾಥನ್ ಬಸ್ಬಿಯನ್ನು ಹೀಗೇ ಆತುಕೊಂಡು ಗೆರೆ ದಾಟಿಸಿದರು. ಡಾಬೊಗೆ ಆ ವರ್ಷದ ಫೇರ್ ಪ್ಲೇ ಪ್ರಶಸ್ತಿ ಬಂತು, ನೆರವು ಪಡೆದ ಬಸ್ಬಿ ಅನರ್ಹರಾದರು.

ಅನರ್ಹತೆ ಸಣ್ಣ ಸಂಗತಿ. ದೊಡ್ಡದು ಮೈಯ ಬಿಸಿ. ಗೆರೆ ದಾಟಿದ ಮೇಲೆ ಬೀಳುವವರಲ್ಲಿ ಹೆಚ್ಚಿನವರಿಗೆ ಆಗಿರುವುದು ಇಷ್ಟೇ: ಓಟ ತಟ್ಟನೆ ನಿಂತು ರಕ್ತ ಕಾಲಲ್ಲಿ ಉಳಿದುಬಿಟ್ಟಿರುತ್ತದೆ. ಅಂಗಾತ ಮಲಗಿಸಿ ಕಾಲನ್ನು ಒಂದಡಿ ಎತ್ತಿ ಹಿಡಿದರೆ ಕೆಲವೇ ನಿಮಿಷದಲ್ಲಿ ಸರಿಯಾಗಿ ಮಾತಾಡುತ್ತಾರೆ. ಗೆರೆಗೆ ಮೊದಲೇ ತೂರಾಡಿ ಬೀಳುವವರ ಕಥೆ ಬೇರೆ. ಅವರು ತಮ್ಮ ಹೆಸರು, ಊರು ಹೇಳಲು ತಡವರಿಸಿದರೆ ಬಿಸಿಲಾಘಾತ ಎಂದೇ ತಿಳಿಯಿರಿ. ಒಳಮೈಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ಮೀರಿರಬಹುದು. ಅಂಥವರನ್ನು ಇನ್ನೂ 200 ಮೀಟರ್ ಎಳೆದರೆ ಆ ಬಿಸಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ವಿಡಿಯೊದಲ್ಲಿ ಚೆಂದ ಕಾಣುವುದು ಇದೇ ಎಳೆದಾಟ.

ಮಗನಿಗೆ ಹೇಳಿಕೊಡಬೇಕಾದದ್ದು: ನಿಲ್ಲು, ಜೊತೆಗಾರನನ್ನು ಟ್ರ್ಯಾಕಿನ ಪಕ್ಕಕ್ಕೆ ಕೂರಿಸು, ಕೈಯೆತ್ತಿ ಕೂಗಿ ದೊಡ್ಡವರನ್ನು ಕರೆ. ದೊಡ್ಡವರು 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ತಣಿಸಲು ಶುರುಮಾಡಬೇಕು. ನೆರಳಿಗೆ ಒಯ್ದು ಶೂ, ಮೇಲಂಗಿ ತೆಗೆದು, ತಣ್ಣೀರಿನ ತೊಟ್ಟಿಯಿದ್ದರೆ ತಲೆಗೆ ಆಸರೆ ಕೊಟ್ಟು ಕುತ್ತಿಗೆವರೆಗೆ ಮುಳುಗಿಸಿ. ಇಲ್ಲದಿದ್ದರೆ ಮೈತುಂಬ ನೀರು ಸುರಿಯುತ್ತಾ ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆಯ ಬಟ್ಟೆ ಇಟ್ಟು ಆಗಾಗ ಬದಲಾಯಿಸಿ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ನೀರು, ಗ್ಲೂಕೋಸ್ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ನಮ್ಮಲ್ಲಿ ಎಲ್ಲರೂ ಮೊದಲು ಮಾಡುವುದು ಅದನ್ನೇ.

ಪ್ರಶ್ನೆ: ಮುಂದಿದ್ದವನು ಗೆರೆ ಬಂತೆಂದು ತಪ್ಪಾಗಿ ನಿಂತರೆ ಹಿಂದಿನವನು ದಾಟಿ ಗೆಲ್ಲಬಹುದೇ?
– ವಿದ್ಯಾರ್ಥಿ, ಹಾಸನ

ಉತ್ತರ: ಧಾರಾಳವಾಗಿ. ನಿಯಮದ ಅಡ್ಡಿಯಿಲ್ಲ, ಗೆದ್ದವನನ್ನು ದೂರುವುದೂ ನ್ಯಾಯವಲ್ಲ. 2012ರ ಡಿಸೆಂಬರ್‌ನಲ್ಲಿ ಸ್ಪೇನಿನ ಬುರ್ಲಾದಾದ ಕ್ರಾಸ್‌ಕಂಟ್ರಿಯಲ್ಲಿ ಕೆನ್ಯಾದ ಏಬೆಲ್ ಮುತಾಯ್ ಹೀಗೆ ನಿಂತಾಗ, ಹಿಂದಿದ್ದ ಇವಾನ್ ಫೆರ್ನಾಂಡೆಜ್ ಅನಾಯಾ ದಾಟಿ ಹೋಗದೆ ಸನ್ನೆಮಾಡಿ ಮುಂದೆ ಕಳಿಸಿದರು. ಭಾಷೆ ಗೊತ್ತಿಲ್ಲದವರಿಗೆ ಕೈಸನ್ನೆಯೇ ಗತಿ. ಇಂಥ ಗೊಂದಲಕ್ಕೆ ನಮ್ಮ ಮೈದಾನಗಳಲ್ಲಿ ಕಾರಣ ಹತ್ತಿರ ಹತ್ತಿರ ಎಳೆದ ಸುಣ್ಣದ ಗೆರೆಗಳು. ಆ ಓಟಕ್ಕೆ ಬೇಡದ ಗೆರೆಯನ್ನು ಮಣ್ಣೆಳೆದು ಮುಚ್ಚಿ, ಮುಗಿಯುವ ಗೆರೆಯ ಎರಡೂ ತುದಿಗೆ ಬಾವುಟ ನೆಡಿ.

ಪ್ರಶ್ನೆ: ದೃಷ್ಟಿಯಿಲ್ಲದ ಗೆಳತಿಗೆ ಗೈಡ್ ಆಗಿ ಓಡಬೇಕೆಂದಿದ್ದೇನೆ. ಏನು ಕಲಿಯಬೇಕು?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: ಮೊದಲು ನಿಮ್ಮ ವೇಗ ಅವಳದಕ್ಕಿಂತ ಹೆಚ್ಚಿರಬೇಕು, ಏದುಸಿರು ಬಿಡುವ ಗೈಡ್ ದಾರಿ ಹೇಳಲಾರಳು. ಗೇಣುದ್ದದ, ಹಿಗ್ಗದ ದಾರವನ್ನು ಇಬ್ಬರೂ ಕೈಯಲ್ಲಿ ಹಿಡಿಯಿರಿ. ಅವಳ ಎಡಗೈ, ನಿಮ್ಮ ಬಲಗೈ ಒಟ್ಟಿಗೆ ಬೀಸಬೇಕು. ‘ತಿರುವು’, ‘ನೇರ’, ‘ಕೊನೇ ನೂರು’ ಎಂಬಂಥ ಚಿಕ್ಕ ಮಾತುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಏಷ್ಯನ್ ಪ್ಯಾರಾ ಗೇಮ್ಸ್‌ನ 1,500 ಮೀಟರ್ ಟಿ11 (ದೃಷ್ಟಿ ಇಲ್ಲವೇ ಇಲ್ಲ ಎನ್ನುವಂಥವರ) ವಿಭಾಗದಲ್ಲಿ ಚಿನ್ನ ಗೆದ್ದವರು. ಅವರೂ ಅವರ ಗೈಡೂ ಓಡುವಾಗ ಹೆಜ್ಜೆ ಹೇಗೆ ಕೂಡುತ್ತದೆಂದು ಗಮನಿಸಿ.

ಗೆರೆಯನ್ನು ಮೊದಲು ಅವಳೇ ದಾಟಬೇಕು, ದಾಟುವವರೆಗೂ ದಾರ ಕೈಯಲ್ಲೇ ಇರಬೇಕು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಮೂರನೆಯವರಾಗಿ ಬರುತ್ತಿದ್ದ ಸ್ಪೇನಿನ ಎಲೆನಾ ಕಾಂಗೋಸ್ಟ್, ಸ್ನಾಯು ಸೆಳೆದು ಬೀಳುತ್ತಿದ್ದ ತಮ್ಮ ಗೈಡನ್ನು ಹಿಡಿಯಲು ಗೆರೆಗೆ ಕೆಲವೇ ಮೀಟರ್ ಇರುವಾಗ ಕ್ಷಣಕಾಲ ದಾರ ಬಿಟ್ಟರು. ಅದಕ್ಕೇ ಅಂದು ಅನರ್ಹಗೊಂಡರು. ಆದ್ದರಿಂದ ಕೊನೆಯ 50 ಮೀಟರನ್ನಷ್ಟೇ ಪ್ರತ್ಯೇಕವಾಗಿ ಅಭ್ಯಾಸ ಮಾಡಿ: ನೀವು ಅರ್ಧ ಹೆಜ್ಜೆ ಹಿಂದೆ, ದಾರ ಸಡಿಲ, ಅವಳ ಎದೆ ಮುಂದೆ.