ಕ್ಯಾಮೆರಾ ಯಾರ ಕಡೆಗೆ ತಿರುಗಬೇಕು?

ಸುರಪುರ ತಾಲ್ಲೂಕಿನ ಬಿ.ಇಡಿ. ಕಾಲೇಜೊಂದರ ಉಪನ್ಯಾಸಕರು ನಮಗೆ ಬರೆದ ಪತ್ರದ ಸಾರ ಇಷ್ಟು: ಇಂಟರ್ನ್‌ಶಿಪ್‌ಗೆ ಹೋದ ಪ್ರಶಿಕ್ಷಣಾರ್ಥಿಗಳ ಪಾಠವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಅವರಿಗೇ ತೋರಿಸುವ ಕ್ರಮವನ್ನು ಅವರು ಈ ವರ್ಷ ಆರಂಭಿಸಿದ್ದಾರೆ. ಆದರೆ ನೋಡಿದವರು ತಮ್ಮ ಉಡುಪು, ದನಿ, ನಿಲುವು ಕಂಡು ನಾಚುತ್ತಾರೆಯೇ ಹೊರತು ಪಾಠದ ಬಗ್ಗೆ ಮಾತನಾಡುವುದಿಲ್ಲ; ‘ಧ್ವನಿ ಏರಿಸಬೇಕು, ಕಪ್ಪುಹಲಗೆಯ ಬಳಕೆ ಸುಧಾರಿಸಬೇಕು’ ಎಂದು ಎಲ್ಲರೂ ಒಂದೇ ಮಾತು ಬರೆದುಕೊಡುತ್ತಾರೆ. ಇದನ್ನು ಮುಂದುವರಿಸಬೇಕೇ, ಎಷ್ಟು ಬಾರಿ ಮಾಡಬೇಕು ಎಂದು ಕೇಳಿದ್ದಾರೆ.

ಮಾನ್ಯರೇ, ಮುಂದುವರಿಸಿ. ತಪ್ಪು ಪ್ರಶಿಕ್ಷಣಾರ್ಥಿಗಳದ್ದಲ್ಲ. ನಾವು ಅವರ ಕೈಗೆ ಕೊಡುವ ಪಾಠ ವೀಕ್ಷಣಾ ನಮೂನೆಯಲ್ಲಿ ಧ್ವನಿ, ಹಲಗೆ, ಚಲನವಲನಗಳಿಗೇ ಅಂಕಗಳಿರುವಾಗ ಅವರು ಬೇರೆ ಏನನ್ನು ಬರೆದಾರು? ಇದರ ಬೇರು ಹಳೆಯದು. 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ರೂಪಿಸಿದ ಸೂಕ್ಷ್ಮಬೋಧನೆಯಲ್ಲಿ ಕೆಲವೇ ನಿಮಿಷಗಳ ಪಾಠ ಮಾಡಿ, ವಿಡಿಯೊ ನೋಡಿ, ತಿದ್ದಿಕೊಂಡು ಮತ್ತೆ ಪಾಠ ಮಾಡುವ ಪದ್ಧತಿಯಿತ್ತು. ನಮ್ಮ ಕಾಲೇಜುಗಳಿಗೆ ಅದು ಬಂದಾಗ ಬಹುಮಟ್ಟಿಗೆ ವಿಡಿಯೊ ಉಳಿಯಲಿಲ್ಲ, ಕೌಶಲಗಳ ಪಟ್ಟಿ ಮಾತ್ರ ಉಳಿಯಿತು. ಈಗ ಮೊಬೈಲು ಬಂದರೂ ಕಣ್ಣು ಶಿಕ್ಷಕರ ಮೇಲೆಯೇ ನೆಟ್ಟಿದೆ.

ಆದ್ದರಿಂದ ಮೊಬೈಲನ್ನು ಹಲಗೆಯ ಪಕ್ಕದಲ್ಲಿಟ್ಟು ಮಕ್ಕಳ ಕಡೆಗೆ ತಿರುಗಿಸಿ. ನಮ್ಮ ಭಾಗದಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಔರಾದ್ ಕಡೆಯ ಮಗು ಮರಾಠಿ, ಗುರುಮಠಕಲ್ ಗಡಿಯ ಮಗು ತೆಲುಗು, ‘ತಿಳೀತಾ?’ ಎಂದೊಡನೆ ಇಡೀ ತರಗತಿ ‘ಹೌದ್ರೀ’ ಎಂದು ಕೂಗುತ್ತದೆ. ಆ ಕೂಗಿನಲ್ಲಿ ಯಾರ ತುಟಿ ಆಡಲಿಲ್ಲ, ಯಾರು ಪಕ್ಕದವರ ಮುಖ ನೋಡಿ ದನಿಗೂಡಿಸಿದರು ಎಂಬುದು ಪಾಠ ಮಾಡುವ ಗಡಿಬಿಡಿಯಲ್ಲಿರುವವರಿಗೆ ಕಾಣುವುದಿಲ್ಲ, ವಿಡಿಯೊದಲ್ಲಿ ಕಾಣುತ್ತದೆ. ಅದನ್ನು ಕಂಡ ಪ್ರಶಿಕ್ಷಣಾರ್ಥಿ ಮರುದಿನದ ಪಾಠ ಯೋಜನೆಯಲ್ಲಿ ಏನನ್ನು ಬದಲಿಸುತ್ತಾರೆ ಎಂಬುದೇ ತಮ್ಮ ಪಾಠದ ಬಗ್ಗೆ ತಾವೇ ನಡೆಸುವ ಚಿಂತನೆಯ ಲಕ್ಷಣ. ಅವರು ಬರೆದುಕೊಡುವ ದಿನಚರಿಯ ಭಾಷೆ ಎಷ್ಟು ಸೊಗಸಾಗಿದೆ ಎಂಬುದಲ್ಲ.

ಇಡೀ ಅವಧಿಯನ್ನು ತೋರಿಸುವುದು ಬೇಡ, ಐದು ನಿಮಿಷ ಸಾಕು. ಮೊದಲ ಸಲ ಒಬ್ಬರೇ ನೋಡಿಕೊಳ್ಳಲಿ, ಸಂಕೋಚ ಅಲ್ಲಿಗೇ ಮುಗಿಯಲಿ. ಎರಡನೆಯ ಸಲ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿ. ಉದಾಹರಣೆಗೆ, ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡು ಕಾದೆ? ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಿಕೆಗಳನ್ನು ಪರಿಶೀಲಿಸಿ, ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ದೀರ್ಘವಾಗುತ್ತವೆಂದೂ 1970ರ ದಶಕದಲ್ಲಿ ತೋರಿಸಿಕೊಟ್ಟರು. ಇದನ್ನು ಎಣಿಸಲು ಗಡಿಯಾರವೊಂದಿದ್ದರೆ ಆಯಿತು. ಫ್ಯಾನಿನ ಸದ್ದಿನಲ್ಲಿ ಮಕ್ಕಳ ಮಾತು ಕೇಳಿಸದು, ಹೀಗಾಗಿ ಗುಂಪು ಚಟುವಟಿಕೆಯಿದ್ದಾಗ ಮೊಬೈಲನ್ನು ಒಂದು ಗುಂಪಿನ ಬಳಿಯೇ ಇಡಿ.

ಚಿತ್ರೀಕರಣಕ್ಕೆ ಅಂಕ ಕೊಡಬೇಡಿ ಎಂಬುದು ನಮ್ಮ ಬಲವಾದ ಅಭಿಪ್ರಾಯ. ಅಂಕ ಬಂತೆಂದರೆ ಮಕ್ಕಳಿಗೆ ಉತ್ತರವನ್ನು ಮೊದಲೇ ಬಾಯಿಪಾಠ ಮಾಡಿಸಿದ ಪಾಠಗಳೇ ನಿಮ್ಮ ಮುಂದೆ ಬರುತ್ತವೆ. ಅಭ್ಯಾಸ ಪಾಠಗಳ ಪರೀಕ್ಷೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಖ್ಯ ಗುರುಗಳ ಮತ್ತು ಪಾಲಕರ ಲಿಖಿತ ಒಪ್ಪಿಗೆ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ವಿಷಯದಲ್ಲಿ ಪಾಲಕರ ಒಪ್ಪಿಗೆಗೆ ಒತ್ತು ಕೊಟ್ಟಿದೆ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಂತೂ ಕೂಡದು, ಚರ್ಚೆ ಮುಗಿದ ದಿನವೇ ಅಳಿಸಿಬಿಡಿ.

ಇನ್ನು ಎಷ್ಟು ಬಾರಿ ಎಂಬ ಪ್ರಶ್ನೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) 2014ರ ನಿಯಮಾವಳಿಯಂತೆ ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರಗಳ ಶಾಲಾ ಇಂಟರ್ನ್‌ಶಿಪ್ ಇದೆ. ಅಷ್ಟರಲ್ಲಿ ಒಬ್ಬೊಬ್ಬರಿಗೆ ಮೂರು ಸಲ ಸಾಕು, ಮೊದಲನೆಯದು ಮಕ್ಕಳ ಪರಿಚಯವಾದ ಬಳಿಕವೇ ಇರಲಿ.

— ಸಂಪಾದಕ