ಬಿಪಿ ಮಾತ್ರೆ ತೆಗೆದುಕೊಳ್ಳುವವರು ಸೌನಾದಲ್ಲಿ ಕೂರಬಹುದಾ? ಎಷ್ಟು ಹೊತ್ತು?

ಜಿಮ್‌ನಲ್ಲಿ ಸೌನಾ (ಬೆವರಲೆಂದೇ ಕೂರುವ ಬಿಸಿ ಕೋಣೆ) ಇದೆ, ದಿನಾ ಬಿಪಿ ಮಾತ್ರೆ ತಗೊಳ್ತೀನಿ, ಕೂತರೆ ಏನಾದರೂ ಆಗುತ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ಬಿಪಿ ಮಾತ್ರೆ ನುಂಗುವವನೂ ಹೌದು, ಸೌನಾಕ್ಕೆ ಹೋಗುವವನೂ ಹೌದು.

ಬಿಪಿ ಹತೋಟಿಯಲ್ಲಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೂ ಒಮ್ಮೆ ಡಾಕ್ಟರನ್ನು ಕೇಳಿ. ಸುಮ್ನೆ "ಹೋಗಬಹುದಾ" ಅಂತಲ್ಲ, ಮಾತ್ರೆಯ ಹೆಸರು ಹೇಳಿ ಕೇಳಿ. ಮೂತ್ರ ಜಾಸ್ತಿ ಹೋಗುವಂತೆ ಮಾಡುವ ಮಾತ್ರೆಯಾದರೆ ಮೈಯ ನೀರು ಮೊದಲೇ ಕಡಿಮೆಯಾಗಿರುತ್ತದೆ. ಅದರ ಮೇಲೆ ಬೆವರು ಬೇರೆ. ಒಂದು ಸಲ ಕೂತರೆ ಅರ್ಧ ಲೀಟರಿನಷ್ಟು ಬೆವರು ಹೋಗಬಹುದು.

ಎಲ್ಲರೂ ಒಳಗಿನ ಬಿಸಿಗೆ ಹೆದರುತ್ತಾರೆ. ನಾನು ಹೆದರುವುದು ಎದ್ದು ನಿಲ್ಲುವ ಹೊತ್ತಿಗೆ. ಮೈ ತಣ್ಣಗಾಗಿಸಲು ಚರ್ಮದ ರಕ್ತನಾಳಗಳೆಲ್ಲ ಹಿಗ್ಗಿರುತ್ತವೆ, ಹೃದಯ ಜೋರಾಗಿ ಬಡಿಯುತ್ತಿರುತ್ತದೆ. ಥಟ್ಟನೆ ಎದ್ದರೆ ರಕ್ತ ಕಾಲಿಗಿಳಿದು ಬಿಪಿ ಕುಸಿಯುತ್ತದೆ, ಕಣ್ಣು ಕತ್ತಲೆ ಕಟ್ಟುತ್ತದೆ. ಬಿಪಿ ಮಾತ್ರೆ ನುಂಗಿದವರಿಗೆ ಇದು ಇನ್ನೂ ಬೇಗ ಆಗುತ್ತದೆ. ಪಕ್ಕದಲ್ಲೇ ಕಾದ ಕಲ್ಲಿನ ಒಲೆ ಇರುತ್ತದೆ, ಅಲ್ವಾ? ಬಿದ್ದರೆ ಎಲ್ಲಿ ಬೀಳುತ್ತೀರಿ ಯೋಚಿಸಿ. ನಾನು ಮೇಲಿನ ಹಲಗೆಯಿಂದ ನೇರ ಬಾಗಿಲಿಗೆ ಹೋಗುವುದಿಲ್ಲ. ಕೆಳಗಿನ ಹಲಗೆಗೆ ಇಳಿದು ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರುತ್ತೇನೆ, ಕಾಲ್ಬೆರಳು ಆಡಿಸುತ್ತೇನೆ, ಆಮೇಲೆ ಗೋಡೆ ಹಿಡಿದು ಏಳುತ್ತೇನೆ. ನೋಡುವವರಿಗೆ ಮುದುಕನ ಹಾಗೆ ಕಾಣಬಹುದು, ಕಾಣಲಿ ಬಿಡಿ.

ಎಷ್ಟು ಹೊತ್ತು? ಹೊಸಬರಿಗೆ 5ರಿಂದ 10 ನಿಮಿಷ ಸಾಕು, ಅದೂ ಕೆಳಗಿನ ಹಲಗೆಯಲ್ಲಿ. ಒಣ ಸೌನಾದಲ್ಲಿ 80–90 ಡಿಗ್ರಿ ಇದ್ದರೂ ಬೆವರು ಆರುವುದರಿಂದ ತಡೆದುಕೊಳ್ಳಬಹುದು. ಕಲ್ಲಿನ ಮೇಲೆ ನೀರು ಸುರಿದಾಗ ಮಾತ್ರ ಬಿಸಿ ಒಮ್ಮೆಲೇ ಮುಖಕ್ಕೆ ರಾಚುತ್ತದೆ. ತಲೆ ಹಗುರವಾದರೆ, ವಾಕರಿಕೆ ಬಂದರೆ, ಎದೆ ಬಡಿತ ಏರುಪೇರಾದರೆ ಗಡಿಯಾರ ನೋಡದೆ ಹೊರಗೆ ಬನ್ನಿ. ಪಕ್ಕದವನ ಜೊತೆ ಪೈಪೋಟಿ ಬೇಡವೇ ಬೇಡ. ಫಿನ್ಲೆಂಡಿನ ಹೈನೋಲಾದಲ್ಲಿ ಯಾರು ಜಾಸ್ತಿ ಹೊತ್ತು ಕೂರುತ್ತಾರೆ ಅನ್ನುವ ವಿಶ್ವ ಸ್ಪರ್ಧೆಯೇ ನಡೆಯುತ್ತಿತ್ತು. 2010ರ ಫೈನಲ್‌ನಲ್ಲಿ 110 ಡಿಗ್ರಿ ಬಿಸಿಯಲ್ಲಿ ಇಬ್ಬರು ಕುಸಿದು ಬಿದ್ದರು, ಒಬ್ಬರು ತೀರಿಕೊಂಡರು. ಸ್ಪರ್ಧೆ ಅಲ್ಲಿಗೇ ನಿಂತಿತು.

ಮದ್ಯ ಕುಡಿದು ಹೋಗಬೇಡಿ. ಇದರಲ್ಲಿ ರಿಯಾಯಿತಿಯೇ ಇಲ್ಲ. ಕುಡಿದವರಿಗೆ ಮೈ ಕೊಡುವ ಎಚ್ಚರಿಕೆ ಗೊತ್ತಾಗುವುದಿಲ್ಲ, ಕೂತಲ್ಲೇ ನಿದ್ದೆ ಹೋಗುತ್ತಾರೆ.

ಸರ, ಉಂಗುರ ತೆಗೆದಿಡಿ, ಲೋಹ ಕಾದು ಸುಡುತ್ತದೆ. ಮೈಗೆ ಅಂಟಿಸುವ ಔಷಧಿ ಪಟ್ಟಿ ಹಾಕಿದ್ದರೆ ಹೋಗಲೇಬೇಡಿ, ಬಿಸಿಗೆ ಔಷಧಿ ಮೈಯೊಳಗೆ ಬೇಗ ಸೇರಿಬಿಡುತ್ತದೆ. ಹೊರಗೆ ಬಂದ ತಕ್ಷಣ ಐಸ್ ನೀರಿಗೆ ಧುಮುಕುವುದು ನಮ್ಮಂಥವರಿಗಲ್ಲ, ಬಿಪಿ ದಿಢೀರ್ ಏರುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಇಳಿದ ತೂಕ ನೋಡಿ ಖುಷಿಪಡಬೇಡಿ, ಅದು ಬರೀ ನೀರು. ಕುಡಿದರೆ ವಾಪಸ್ ಬರುತ್ತದೆ, ಬರಲೂ ಬೇಕು.

ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರು, ಆಗಾಗ ಎದೆನೋವು ಬರುವವರು, ಜ್ವರ ಇರುವವರು ದೂರ ಇರಬೇಕು. ಬಸುರಿಯರು ಡಾಕ್ಟರನ್ನು ಕೇಳದೆ ಹೋಗಬಾರದು. ಇನ್ನು ನಿಮ್ಮ ವಿಷಯಕ್ಕೆ ಬಂದರೆ, ಮಾತ್ರೆ ಬದಲಾದರೆ ಅಥವಾ ಡೋಸ್ ಜಾಸ್ತಿ ಮಾಡಿದರೆ, ಮೈ ಅದಕ್ಕೆ ಒಗ್ಗುವವರೆಗೆ ಸೌನಾ ಬಿಟ್ಟಿರಿ.