ಪ್ರಾರ್ಥನೆಗೆ ಮಾತೇ ಹೊರಡದಿದ್ದಾಗ

ಪ್ರಶ್ನೆ: ಯಜಮಾನರ ಕೆಲಸ ಹೋಗಿ ಎರಡು ತಿಂಗಳಾಯಿತು. ರಾತ್ರಿ ನಿದ್ದೆಯಿಲ್ಲ. ಮೊಣಕಾಲೂರಿದರೆ ಮಾತು ಹೊರಡದೆ ಬರೀ ಅಳು ಬರುತ್ತದೆ. ಭಯಪಡುವುದು ಅವಿಶ್ವಾಸ ಎನ್ನುತ್ತಾರೆ ಸಭೆಯವರು. ಧೈರ್ಯಕ್ಕೆ ಬೈಬಲಿನಲ್ಲಿ ಏನನ್ನು ಓದಲಿ?
– ಓದುಗರೊಬ್ಬರು, ಹಾಸನ

ಉತ್ತರ: ಅಮ್ಮಾ, ಸಭೆಯವರ ಆ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಬೈಬಲಿನ ಒಂದನೆಯ ಅರಸುಗಳು ಪುಸ್ತಕದ 19ನೇ ಅಧ್ಯಾಯ ತೆರೆಯಿರಿ. ರಾಣಿ ಈಜೆಬೆಲಳಿಗೆ ಹೆದರಿ ಓಡಿದ ಪ್ರವಾದಿ ಎಲೀಯ ಗಿಡದ ಕೆಳಗೆ ಬಿದ್ದುಕೊಂಡು, ಸಾಕು, ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡುತ್ತಾನೆ. ದೇವದೂತ ಅವನನ್ನು ಗದರಿಸಲಿಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಎಲೀಯ ಉಂಡು ಮತ್ತೆ ಮಲಗಿದ. ದೂತ ಎರಡನೇ ಸಲವೂ ಊಟಕ್ಕೇ ಎಬ್ಬಿಸಿದ. ಹಾಗಾಗಿ ರಾತ್ರಿ ಉಪವಾಸವಿದ್ದು ಪ್ರಾರ್ಥಿಸುವ ಯೋಚನೆಯಿದ್ದರೆ ಈಗ ಬೇಡ.

ಓದಲು 13ನೇ ಕೀರ್ತನೆ ಸಾಕು, ಆರೇ ವಚನ. ಒಂದು ವಾರ ಅದನ್ನೇ ಗಟ್ಟಿಯಾಗಿ, ನಿಧಾನವಾಗಿ ಓದಿ. ಮೊದಲ ಎರಡು ವಚನಗಳಲ್ಲಿ 'ಇನ್ನೆಷ್ಟು ಕಾಲ' ಎಂಬ ದೂರು ನಾಲ್ಕು ಸಲ ಬರುತ್ತದೆ. ಅಲ್ಲಿ ನಿಲ್ಲಿಸಿ ನಿಮ್ಮ ದೂರನ್ನೂ ಹೇಳಿ. 'ಕಷ್ಟವಿದೆ ಕರ್ತನೇ' ಎಂದರೆ ಸಾಲದು. 'ಹತ್ತನೇ ತಾರೀಖು ಬಾಡಿಗೆ ಕಟ್ಟಬೇಕು, ಕೈಯಲ್ಲಿ ದುಡ್ಡಿಲ್ಲ' ಎಂದೇ ಹೇಳಿ. 3, 4ನೇ ವಚನ ಬೇಡಿಕೆ. ಅವತ್ತಿಗೆ ಬೇಕಾದ ಒಂದನ್ನು ಮಾತ್ರ ಕೇಳಿ. ಭರವಸೆಯ ಮಾತು ಬರುವುದು 5ರಲ್ಲಿ. ಬಹಳ ಜನ ತಪ್ಪುವುದು ಇಲ್ಲೇ: ದೂರು ನುಂಗಿಕೊಂಡು ನೇರ ಐದಕ್ಕೆ ಹಾರುತ್ತಾರೆ, ಆ ಮಾತು ಬಾಯಲ್ಲೇ ಉಳಿಯುತ್ತದೆ. ನಿಮ್ಮಿಂದ ಐದನೆಯದನ್ನು ಹೇಳಲಾಗದ ದಿನ ನಾಲ್ಕಕ್ಕೇ ಮುಗಿಸಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ದೇವರ ವಾಕ್ಯವೇ.

ಮಾತೇ ಬಾರದಿದ್ದರೆ ಅಳು ಸಾಕು. ನಮ್ಮ ಬಲಹೀನತೆಯಲ್ಲಿ ಪವಿತ್ರಾತ್ಮನು ಮಾತಿಗೆ ಸಿಗದ ನರಳಾಟದಿಂದ ನಮಗಾಗಿ ಬೇಡುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರ 8:26 ಹೇಳುತ್ತದೆ. ಹೇಳಿದ್ದನ್ನೇ ಹೇಳುತ್ತಿದ್ದೇನೆಂಬ ಸಂಕೋಚವೂ ಬೇಡ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಮೂರನೇ ಸಲವೂ ಅದೇ ಮಾತು ಹೇಳಿ ಪ್ರಾರ್ಥಿಸಿದನು.

ಆ ರಾತ್ರಿ ಆತನೂ ಒಂಟಿಯಾಗಿರಲು ಬಯಸಲಿಲ್ಲ; ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರನ್ನು ಎಚ್ಚರವಾಗಿರಿ ಎಂದು ಬೇಡಿಕೊಂಡ. ನೀವೂ ನಂಬಿಕೆಯ ಇಬ್ಬರನ್ನು ಕರೆಯಿರಿ. 'ಪ್ರಾರ್ಥಿಸಿ' ಎಂದಷ್ಟೇ ಹೇಳಿದರೆ ಸಲಹೆಗಳ ಮಳೆಯಾಗುತ್ತದೆ. 'ಗುರುವಾರ ಸಂಜೆ ಹದಿನೈದು ನಿಮಿಷ ಬನ್ನಿ, ಸುಮ್ಮನೆ ಜೊತೆಗೆ ಕೂತಿರಿ' ಎಂದು ಬಿಡಿಸಿ ಹೇಳಿ.

ನಿದ್ದೆಗೆಟ್ಟು ಎರಡು ತಿಂಗಳಾಗಿದ್ದರೆ ವೈದ್ಯರನ್ನೂ ಕಾಣಿ. ಎಲೀಯನಂತೆ ಸಾಯುವ ಯೋಚನೆ ಬಂದರೆ ಬೆಳಗಾಗಲೆಂದು ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.